ಕತ್ತಲಲ್ಲಿ ತಿಂದ ಬಿಸ್ಕತ್ತು

ಮೊದಲು ಸುಳಿವು ಕೊಟ್ಟಿದ್ದು ಇರುವೆಗಳು.

ನಮ್ಮ ಮನೆಯವರಿಗೆ ಹರಪನಹಳ್ಳಿಯ ಬ್ಯಾಂಕಿನಲ್ಲಿ ಕೆಲಸ. ಹಡಗಲಿಯ ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಹೋಗಿ, ಅಲ್ಲಿಂದ ಬಸ್ ಹಿಡಿಯುತ್ತಾರೆ. ಆವತ್ತು ಬೈಕ್ ತೆಗೆಯಲು ಅಂಗಳಕ್ಕೆ ಹೋದವರು ಅಲ್ಲಿಂದಲೇ ದನಿ ಎತ್ತಿದರು.

"ಗಾಲಿಗೆ ಯಾರು ಬೆಲ್ಲ ಹಚ್ಚ್ಯಾರ?"

ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಗಾಲಿಗೆ ಬೆಲ್ಲ ಹಚ್ಚುವಷ್ಟು ಪುರುಸೊತ್ತು ನನಗೆಲ್ಲಿ ಬರಬೇಕು? ಹೊರಗೆ ಬಂದು ನೋಡಿದರೆ ಹಿಂದಿನ ಗಾಲಿಯ ಮೇಲೆ ಇರುವೆಗಳು ಜಾತ್ರೆಗೆ ಹೊರಟಂತೆ ಸಾಲುಗಟ್ಟಿದ್ದವು. ಅತ್ತೆ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಇರುವೆಗಳನ್ನು ನೋಡಿದರು, ಆಮೇಲೆ ಬಾಗಿಲ ಬಳಿ ಮಲಗಿದ್ದ ಮರಿಯನ್ನು ನೋಡಿದರು.

"ಬೆಲ್ಲ ಅಲ್ಲಪ. ಇದು ನಮ್ಮ ಮರಿ ಉಚ್ಚಿ. ನಮ್ಮಪ್ಪಗ ಸಕ್ಕರಿ ಬಂದಾಗ ಹಿಂಗ ಇರುವಿ ಮುತ್ತತಿದ್ದವು."

ಮರಿ ಅಂದರೆ ನಮ್ಮ ನಾಯಿ. ಕಂದು ಬಣ್ಣದ ನಾಡು ನಾಯಿ, ಒಂದು ಕಿವಿ ಸದಾ ಮಡಚಿಕೊಂಡಿರುತ್ತದೆ. ಊರ ಹೊರಗೆ ಅತ್ತೆಯದೊಂದು ಸಣ್ಣ ಮಲ್ಲಿಗೆ ತೋಟವಿದೆ. ಎಂಟು ವರ್ಷದ ಹಿಂದೆ ಅಲ್ಲಿ ಹೂ ಬಿಡಿಸುವಾಗ ಗಿಡದ ಬುಡದಲ್ಲಿ ಕುಂಯ್ ಕುಂಯ್ ಅನ್ನುತ್ತಿದ್ದ ಇದನ್ನು ಮೊಗ್ಗಿನ ಜೊತೆಗೇ ಉಡಿಯಲ್ಲಿ ಹಾಕಿಕೊಂಡು ಬಂದಿದ್ದರು. ಅದಕ್ಕೊಂದು ಹೆಸರಿಡಬೇಕೆಂದು ನಾನೂ ನಮ್ಮ ಮನೆಯವರೂ ವಾರಗಟ್ಟಲೆ ಜಗಳಾಡಿದೆವು. ನಾವು ಹೇಳಿದ ಹೆಸರೆಲ್ಲ ಯಾವುದೋ ದೇವರದ್ದೋ ನೆಂಟರದ್ದೋ ಆಗುತ್ತಿತ್ತು. "ದೇವರ ಹೆಸರು ಇಟ್ರ ಬೈಯಾಕ ಬರಂಗಿಲ್ಲ, ನೆಂಟರ ಹೆಸರು ಇಟ್ರ ಅವರು ಬೈತಾರ" ಅಂತ ಅತ್ತೆ ಎಲ್ಲವನ್ನೂ ತಳ್ಳಿಹಾಕಿದರು. ಅಷ್ಟರಲ್ಲಿ ಅದು ಮರಿ ಅಂದರೆ ಓಡಿ ಬರುವುದನ್ನು ಕಲಿತುಬಿಟ್ಟಿತ್ತು. ಮುಖದ ಮೇಲೆ ನರೆಗೂದಲು ಬಂದರೂ ಅದು ಮರಿಯೇ.

ಇರುವೆ ಕಂಡ ಮೇಲೆ ಒಂದೊಂದೇ ನೆನಪಾಗತೊಡಗಿತು. ಆ ಬೇಸಿಗೆಯಲ್ಲಿ ಮರಿ ವಿಪರೀತ ನೀರು ಕುಡಿಯುತ್ತಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡಿದ್ದೆವು. ತನ್ನ ಬೋಗುಣಿ ಖಾಲಿ ಮಾಡಿ, ಪಾತ್ರೆ ತೊಳೆಯುವ ಬಕೀಟಿಗೂ ಬಾಯಿ ಹಾಕುತ್ತಿತ್ತು. ಹೊಟ್ಟೆಗೆ ಎಷ್ಟು ಹಾಕಿದರೂ ಸಾಲದು. ಆದರೆ ಬೆನ್ನು ಸವರಿದರೆ ಎಲುಬು ಕೈಗೆ ಸಿಗುತ್ತಿತ್ತು.

ಆ ಸಂಜೆಯೇ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹರಪನಹಳ್ಳಿ ಕಡೆಯವರು. ಮಾತು ದಾವಣಗೆರೆಯತ್ತ ವಾಲುತ್ತಿತ್ತು. ದಿನವಿಡೀ ಕುರಿ, ಎಮ್ಮೆಗಳ ನಡುವೆ ಇರುವ ಅವರಿಗೆ ಸಕ್ಕರೆ ಕಾಯಿಲೆಯ ನಾಯಿ ಅಪರೂಪ. ಮರಿಯ ಕಿವಿಯ ಅಂಚಿಗೆ ಸೂಜಿ ತಾಗಿಸಿ, ಒಂದು ಹನಿ ರಕ್ತ ತೆಗೆದು, ಮನುಷ್ಯರಿಗೆ ನೋಡುವಂಥದೇ ಸಣ್ಣ ಯಂತ್ರದಲ್ಲಿ ನೋಡಿದರು. ಮೂತ್ರವನ್ನೂ ನೋಡಿದರು.

"ಶುಗರ್ ಐತೆ ಕಣ್ರಿ."

ಅತ್ತೆಗೆ ತಮ್ಮ ಊಹೆ ನಿಜವಾದ ಹೆಮ್ಮೆಗಿಂತ ಆಶ್ಚರ್ಯವೇ ಹೆಚ್ಚಾಯಿತು. "ನಾಯಿಗೂ ಬರತೈತೇನ್ರಿ ಇದು? ನಾನು ಮನಷ್ಯಾರಿಗೆ ಅಷ್ಟ ಅಂದ್ಕೊಂಡಿದ್ದೆ. ನನಗೂ ಐತಿ, ಗುಳಿಗಿ ನುಂಗತೀನಿ."

"ನಾಯಿಗೆ ಗುಳಿಗೆ ಸಾಕಾಗಲ್ಲ. ನಾಯಿಗಳಿಗೆ ಈ ಕಾಯಿಲೆ ಬಂತು ಅಂದ್ರೆ ಇನ್ಸುಲಿನ್ ತಯಾರಾಗೋದೇ ಬಹುಪಾಲು ನಿಂತಿರ್ತೈತೆ. ಬೆಳಿಗ್ಗೆ ಸಂಜೆ ಊಟ ಆದ ಮೇಲೆ ಸೂಜಿ ಮಾಡ್ಬೇಕು. ಯಾರು ಮಾಡ್ತೀರ?"

ನಾವು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. "ತೋರಸ್ರಿ, ನಾ ಕಲೀತೀನಿ. ಇವ್ರಿಬ್ಬರು ಕೆಲಸಕ್ಕ ಹೋಗೋರು. ಮರಿ ನನ್ನ ಮುಂದ ಅಷ್ಟ ಸುಮ್ಮನ ನಿಂದ್ರತೈತಿ."

ಔಷಧ ತರಲು ಮೆಡಿಕಲ್ ಅಂಗಡಿಗೆ ನಾನೂ ಅತ್ತೆಯೂ ಹೋದೆವು. ಅಂಗಡಿಯವರು ಚೀಟಿಯನ್ನು ಸರಿಯಾಗಿ ಓದದೆ ಬಿಲ್ಲು ಬರೆಯಲು ಕೂತರು.

"ಪೇಶೆಂಟ್ ಹೆಸರೇನ್ರಿ?"

"ಮರಿ" ಅಂದರು ಅತ್ತೆ.

"ವಯಸ್ಸು?"

"ಎಂಟು."

ಅಂಗಡಿಯವರ ಪೆನ್ನು ನಿಂತಿತು. "ಅಯ್ಯೋ ಪಾಪ. ಎಂಟು ವರ್ಷದ ಕೂಸಿಗೆ ಇನ್ಸುಲಿನ್ನೇನ್ರಿ? ಸಾಲಿಗೆ ಹೋಕ್ಕಾಳೋ ಇಲ್ಲೋ?"

"ಸಾಲಿಗೆ ಎಲ್ಲಿಂದು? ದಿನಾ ನನ್ನ ಕೂಡ ತೋಟಕ್ಕ ಬರತೈತಿ."

ಅಂಗಡಿಯವರು ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಇವರು ಟೀಚರು, ತಮ್ಮ ಮನೆಯ ಕೂಸನ್ನು ಶಾಲೆ ಬಿಡಿಸಿ ಹೂ ಬಿಡಿಸಲು ಕಳಿಸುತ್ತಾರೆ ಅನ್ನುವ ಸಿಟ್ಟು ಆ ಮುಖದಲ್ಲಿ ಸ್ಪಷ್ಟವಾಗಿತ್ತು. ನಾಯಿ ಅಂತ ನಾನು ಬಿಡಿಸಿ ಹೇಳುವಷ್ಟರಲ್ಲಿ ಹಿಂದೆ ನಿಂತಿದ್ದ ನಾಲ್ಕು ಗಿರಾಕಿಗಳೂ ನಕ್ಕು ಸುಸ್ತಾಗಿದ್ದರು. ಇವತ್ತಿಗೂ ಆ ಅಂಗಡಿಯಲ್ಲಿ "ನಿಮ್ಮ ಕೂಸು ಹೆಂಗೈತ್ರಿ ಟೀಚರ್?" ಅಂತಲೇ ಕೇಳುತ್ತಾರೆ.

ಅತ್ತೆ ಸೂಜಿ ಹಾಕುವುದನ್ನು ಕಲಿತ ಬಗೆ ನೋಡುವಂತಿತ್ತು. ಫ್ರಿಜ್ಜಿನಿಂದ ಶೀಸೆ ತೆಗೆದು, ಅಲುಗಾಡಿಸದೆ, ಎರಡೂ ಅಂಗೈ ನಡುವೆ ಬತ್ತಿ ಹೊಸೆಯುವ ಹಾಗೆ ಮೆಲ್ಲಗೆ ಉರುಳಿಸುವರು. ಮರಿಗೆ ಊಟ ಹಾಕಿ, ಅದು ಬೋಗುಣಿ ನೆಕ್ಕಿದ ಮೇಲೆ ಹೆಗಲ ಹತ್ತಿರ ಚರ್ಮವನ್ನು ಎತ್ತಿ ಹಿಡಿದು ಸೂಜಿ ಚುಚ್ಚುವರು. "ಆತು, ಆತು, ನಮ್ಮಪ್ಪ, ಆತು" ಅನ್ನುತ್ತಿದ್ದರು. ಮರಿಗೆ ಚುಚ್ಚಿದ್ದು ಗೊತ್ತೇ ಆಗುತ್ತಿರಲಿಲ್ಲ. ನೋಡುತ್ತಾ ನಿಂತ ನಮ್ಮ ಮನೆಯವರು ಮಾತ್ರ ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಸ್ವಲ್ಪ ದಿನದಲ್ಲೇ ಮರಿ ನೀರು ಕುಡಿಯುವುದು ಕಡಿಮೆಯಾಯಿತು. ನಾವೂ ಅಂಥದೇ ಒಂದು ಯಂತ್ರ ತಂದಿದ್ದೆವು; ಸಂಜೆ ಕಿವಿಯಿಂದ ಹನಿ ತೆಗೆದು ನೋಡಿದರೆ ಸಕ್ಕರೆ ಅಂಕೆಯಲ್ಲಿರುತ್ತಿತ್ತು. ಆದರೆ ಬೆಳಿಗ್ಗೆ ತೋಟದಿಂದ ಬಂದ ಮೇಲೆ ನೋಡಿದರೆ ಏರಿಬಿಟ್ಟಿರುತ್ತಿತ್ತು. ರಾತ್ರಿ ಊಟ ಏಳಕ್ಕೇ ಮುಗಿಯುತ್ತದೆ. ಆಮೇಲೆ ಏನೂ ಇಲ್ಲ. ಆದರೂ ಬೆಳಿಗ್ಗೆ ಯಾಕೆ ಹೀಗೆ? ಡಾಕ್ಟರ್ ಹುಷಾರಾಗಿ ರಾತ್ರಿಯ ಡೋಸನ್ನು ಒಂಚೂರು ಏರಿಸಿದರು. ಅದರಿಂದಲೂ ಹೆಚ್ಚೇನೂ ಆಗಲಿಲ್ಲ.

ಅಷ್ಟರಲ್ಲಿ ಲಗ್ನದ ಸೀಜನ್ ಶುರುವಾಯಿತು. ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಒಂದು ಕಲ್ಯಾಣ ಮಂಟಪವಿದೆ. ಸಂಜೆಯಾದರೆ ಮದುಮಗನ ಮೆರವಣಿಗೆ, ಬ್ಯಾಂಡು, ಪಟಾಕಿ. ಮರಿಗೆ ಪಟಾಕಿ ಅಂದರೆ ಪ್ರಾಣಭಯ. ಮಂಚದ ಕೆಳಗೆ ಸೇರಿ ಗಡಗಡ ನಡುಗುತ್ತಿತ್ತು. ಅದೇ ವಾರ ನಮ್ಮ ನಾದಿನಿ ಹಗರಿಬೊಮ್ಮನಹಳ್ಳಿಯಿಂದ ಬಂದರು. ಆಕೆಗೆ ನಿದ್ದೆ ಬಾರದ ಕಾಟ. ಚೀಲದಿಂದ ಒಂದು ಬಣ್ಣದ ಡಬ್ಬಿ ತೆಗೆದರು. ಒಳಗೆ ಪೆಪ್ಪರಮೆಂಟಿನಂಥ ಮೆತ್ತನೆಯ ಗುಳಿಗೆಗಳು.

"ಇದು ನಿದ್ದಿ ಗುಳಿಗಿ ಅಲ್ಲಬೇ, ಮೆಲಟೋನಿನ್. ಕತ್ತಲಾದಾಗ ನಮ್ಮ ಮೈಯಾಗ ತಾನ ಹುಟ್ಟೋದು. ನಮ್ಮ ಆಫೀಸಿನಾಕಿ ತನ್ನ ನಾಯಿಗೂ ಕೊಡತಾಳಂತ, ಪಟಾಕಿ ಹೊಡೆದ್ರೂ ಆರಾಮ ಮಲಗತೈತಂತ."

ಅತ್ತೆಗೆ ಅದು ಬಹಳ ಹಿಡಿಸಿತು. ರೊಟ್ಟಿ ಚೂರಿನಲ್ಲಿ ಸುತ್ತಿ ಕೊಡುವ ಸಿದ್ಧತೆಯೂ ನಡೆಯಿತು. ನಾನು ತಡೆದೆ. ಇನ್ಸುಲಿನ್ ತೆಗೆದುಕೊಳ್ಳುವ ನಾಯಿಗೆ ಕೇಳದೆ ಏನನ್ನೂ ಕೊಡಬಾರದು ಅಂತ ಡಾಕ್ಟರ್ ಮೊದಲ ದಿನವೇ ಹೇಳಿದ್ದರು. ಅತ್ತೆ ಮುಖ ಸಣ್ಣದು ಮಾಡಿಕೊಂಡರೂ ಕೈ ಹಿಂದೆ ತೆಗೆದರು. ಮರುದಿನ ಸಂಜೆ ಡಬ್ಬಿ ಹಿಡಿದುಕೊಂಡು ಅತ್ತೆ, ನಾನು, ಮರಿ ಮೂವರೂ ಆಸ್ಪತ್ರೆಗೆ ಹೋದೆವು.

ಡಾಕ್ಟರ್ ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದವರೇ ಅದನ್ನು ಮೇಜಿನ ಆ ತುದಿಗೆ ಸರಿಸಿದರು. "ಕೊಡಲಿಲ್ಲ ತಾನೇ? ಚಲೋ ಆತು. ಇದ್ರಲ್ಲಿ ಸಕ್ಕರೆ ಬದ್ಲಿಗೆ ಜೈಲಿಟಾಲ್ ಹಾಕ್ಯಾರೆ. ಮನುಷ್ಯರಿಗೆ ಏನೂ ಆಗಲ್ಲ, ನಾಯಿಗೆ ಅದು ವಿಷ. ನಾಯಿಗಳಲ್ಲಿ ಅದು ಇನ್ಸುಲಿನ್ನನ್ನ ಒಮ್ಮೆಲೇ ಉಕ್ಕಿಸಿಬಿಡ್ತೈತೆ, ಶುಗರ್ ದಬ್ ಅಂತ ಕೆಳಗೆ ಬೀಳ್ತೈತೆ. ಲಿವರ್ರೂ ಹಾಳಾಗಬೌದು."

ಅತ್ತೆ ಮರಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡರು.

"ಅದಿಲ್ಲದ ಮೆಲಟೋನಿನ್ ಕೊಡಬಹುದಾ?" ಅಂತ ನಾನು ಕೇಳಿದೆ.

ಆವತ್ತು ಆಸ್ಪತ್ರೆಯಲ್ಲಿ ಬೇರೆ ಯಾರೂ ಇರಲಿಲ್ಲ. ಡಾಕ್ಟರಿಗೂ ಮಾತಾಡುವ ಹುರುಪಿತ್ತು. "ಕೊಡೋದುಂಟು, ಹೆದರೋ ನಾಯಿಗಳಿಗೆ. ಆದ್ರೆ ಸಕ್ಕರೆ ಕಾಯಿಲೆ ಇರೋ ನಾಯಿಗೆ ಅಂದ್ರೆ ನಾನು ಹಿಂದೆ ಮುಂದೆ ನೋಡ್ತೀನಿ. ಯಾಕಂದ್ರೆ ಈ ಮೆಲಟೋನಿನ್ನಿಗೂ ಇನ್ಸುಲಿನ್ನಿಗೂ ಒಳಗೊಳಗೇ ಲೆಕ್ಕಾಚಾರ ಐತೆ. ಕತ್ತಲಾದ ಕೂಡ್ಲೇ ಮಿದುಳಿನಲ್ಲಿ ಒಂದು ಸಣ್ಣ ಗ್ರಂಥಿ ಮೆಲಟೋನಿನ್ ಬಿಡ್ತೈತೆ. ರಾತ್ರಿ ಆತು ಅಂತ ಮೈಗೆಲ್ಲಾ ಡಂಗುರ ಸಾರಿದಂಗೆ. ಇನ್ಸುಲಿನ್ ತಯಾರು ಮಾಡೋ ಜೀವಕೋಶಗಳಿಗೂ ಆ ಸದ್ದು ಕೇಳಿಸ್ತೈತೆ. 'ಇನ್ನು ಊಟ ಬರಲ್ಲ, ಕೆಲಸ ನಿಧಾನ ಮಾಡ್ರಿ' ಅಂದಂಗಾಗಿ ಅವು ಇನ್ಸುಲಿನ್ ಬಿಡೋದನ್ನ ತಗ್ಗಿಸ್ತವೆ. ಅಂಥಾ ಹೊತ್ತಲ್ಲಿ ತಿಂದ್ರೆ ತಿಂದ ಸಕ್ಕರೆ ರಕ್ತದಲ್ಲೇ ಸುತ್ತಾಡ್ತಾ ಇರ್ತೈತೆ."

"ಎಲ್ಲಾ ಪ್ರಾಣಿಗೂ ಹಿಂಗ ಏನ್ರಿ?" ಅತ್ತೆ ಕೇಳಿದರು.

"ಸಸ್ತನಿಗಳಲ್ಲಿ ಹೆಚ್ಚು ಕಡಿಮೆ ಎಲ್ಲದಕ್ಕೂ ಮೆಲಟೋನಿನ್ ಐತೆ. ಆದ್ರೆ ಒಂದೊಂದರಲ್ಲಿ ಒಂದೊಂಥರ. ನಾಯಿ ಬಗ್ಗೆ ಗೊತ್ತಿರೋದು ಕಮ್ಮೀನೇ. ಅದ್ರಲ್ಲೂ ಮರಿಯಲ್ಲಿ ಇನ್ಸುಲಿನ್ ಹುಟ್ಟೋದೇ ಬಹಳ ಕಮ್ಮಿ ಆಗೈತೆ, ತಗ್ಗಿಸೋಕೆ ಉಳಿದಿರೋದಾದ್ರೂ ಎಷ್ಟು? ಗೊತ್ತಿಲ್ಲದ್ದನ್ನ ಗೊತ್ತೈತೆ ಅನ್ನೋಕೆ ಆಗಲ್ಲ. ಮೊದ್ಲು ಬೆಳಿಗ್ಗೆ ಶುಗರ್ ಹತೋಟಿಗೆ ಬರ್ಲಿ. ಅಲ್ಲೀವರೆಗೆ ಕಿಟಕಿ ಮುಚ್ಚಿ, ಕಂಬಳಿ ಹಾಸಿ, ರೇಡಿಯೋ ಹಚ್ಚಿ ಪಕ್ಕದಲ್ಲಿ ಕೂತ್ಕೊಳ್ರಿ. ಅಂದಂಗೆ, ರಾತ್ರಿ ಹೊತ್ತು ಏನಾದ್ರೂ ತಿನ್ನುತ್ತೇನು?"

"ಇಲ್ಲಬಿಡ್ರಿ, ರಾತ್ರಿ ಏನೂ ತಿನ್ನಂಗಿಲ್ಲ" ಅಂದರು ಅತ್ತೆ. ಆ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿನ ಛಾಯೆ ಇರಲಿಲ್ಲ.

ಮುಂದಿನ ಭಾನುವಾರ ತೋಟದಲ್ಲಿ ಹೂವು ಹೆಚ್ಚಿದ್ದವು. ಬಿಡಿಸಲು ಒಂದು ಕೈ ಹೆಚ್ಚಾಗಲಿ ಅಂತ ನಾನೂ ಅತ್ತೆಯ ಜೊತೆ ಹೊರಟೆ. ಮಲ್ಲಿಗೆ ಮೊಗ್ಗು ಅರಳುವ ಮೊದಲೇ ಬಿಡಿಸಿ, ಬೆಳಗಿನ ಬಸ್ಸಿಗೆ ಹಾಕಬೇಕು. ಹಾಗಾಗಿ ಸೀಜನ್ನಿನಲ್ಲಿ ಕತ್ತಲಿರುವಾಗಲೇ ಎಲ್ಲರೂ ತೋಟ ಸೇರುತ್ತಾರೆ. ನಾನು ಕೆಲಸಕ್ಕೆ ಸೇರಿದ ಮೇಲೆ ಆ ಹೊತ್ತಿನಲ್ಲಿ ತೋಟಕ್ಕೆ ಹೋಗಿ ವರ್ಷಗಳೇ ಆಗಿದ್ದವು. ಮರಿ ನಮಗಿಂತ ಮುಂದೆ, ಬಾಲ ಎತ್ತಿಕೊಂಡು, ಆಫೀಸಿಗೆ ಹೊರಟ ಸಾಹೇಬರ ಹಾಗೆ ನಡೆಯಿತು.

ಅಕ್ಕಪಕ್ಕದ ತೋಟದ ಹೆಂಗಸರು ಆಗಲೇ ಬಂದಿದ್ದರು. ಹಣೆಗೆ ಕಟ್ಟಿದ ಬ್ಯಾಟರಿಗಳ ಬೆಳಕು ಗಿಡಗಳ ನಡುವೆ ಮಿಣುಕುತ್ತಿತ್ತು. ಘಮಕ್ಕೆ ಮೂಗು ತುಂಬಿ ಹೋಗಿತ್ತು. ಒಬ್ಬರ ಸೊಸೆಯ ಸುದ್ದಿ ಇನ್ನೊಬ್ಬರು, ಇನ್ನೊಬ್ಬರ ಸೊಸೆಯ ಸುದ್ದಿ ಮತ್ತೊಬ್ಬರು ಹೇಳುತ್ತಿದ್ದರು. ನಾನು ಬಂದದ್ದು ಕಂಡು ಸೊಸೆಯರ ಸುದ್ದಿ ನಿಂತು, ಗಂಡಂದಿರ ಸುದ್ದಿ ಶುರುವಾಯಿತು.

ಮೊದಲ ಸಾಲು ಮುಗಿಸುವಷ್ಟರಲ್ಲಿ ಪಕ್ಕದ ತೋಟದ ದೊಡ್ಡಮ್ಮ ಥರ್ಮಾಸ್ ತೆರೆದರು. "ಬಾರಪಾ ಮರಿ, ನಿನ್ನ ಪಾಲು ತಗೋ" ಅಂದರು. ಮರಿ ಹೋಗಿ ಅವರ ಮುಂದೆ ಕೂತಿತು. ಒಂದು ಬಿಸ್ಕತ್ತು ಒಳಗೆ ಹೋಯಿತು. ಅಲ್ಲಿಂದ ಎದ್ದು ಆಚೆ ಸಾಲಿಗೆ ಹೋಗಿ ಇನ್ನೊಬ್ಬರ ಮುಂದೆ ಕೂತಿತು. ಅಲ್ಲಿ ಚಹಾದಲ್ಲಿ ಅದ್ದಿದ ಬನ್ನಿನ ಚೂರು. ಅದರಾಚೆ ಒಂದು ಹಿಡಿ ಮಂಡಕ್ಕಿ. ನಾನು ಮೊಗ್ಗು ಬಿಡಿಸುವುದನ್ನು ಬಿಟ್ಟು ನೋಡುತ್ತಾ ನಿಂತೆ. ಒಂದು ಸಾಲನ್ನೂ ಬಿಡದೆ, ಯಾರನ್ನೂ ಮರೆಯದೆ, ಮನೆ ಮನೆಗೆ ಲಗ್ನಪತ್ರಿಕೆ ಕೊಡುವವರ ಹಾಗೆ ಮರಿ ಸುತ್ತು ಹಾಕಿತು. ಕೊನೆಗೆ ಬಂದು ಅತ್ತೆಯ ಮುಂದೆ ಕೂತಿತು. ಅತ್ತೆ ಸೀರೆಯ ಗಂಟಿನಿಂದ ಬಿಸ್ಕತ್ತು ಪೊಟ್ಟಣ ತೆಗೆದು, ತಾವೆರಡು ಇಟ್ಟುಕೊಂಡು, ಅದಕ್ಕೊಂದು ಕೊಟ್ಟರು. ಆಮೇಲೆ ದೊಡ್ಡಮ್ಮ ಕೊಟ್ಟ ಸಿಹಿ ಚಹಾದಲ್ಲಿ ಬಿಸ್ಕತ್ತು ಅದ್ದಿದರು.

"ಅತ್ತಿ, ಏನ್ ಮಾಡಾಕ ಹತ್ತೀರಿ?"

"ಚಾ ಕುಡಿಯಾಕ ಹತ್ತೀನವಾ. ನಿನಗೂ ಹಾಕಲೇನು?"

"ಡಾಕ್ಟರು ರಾತ್ರಿ ಏನಾದ್ರೂ ತಿನ್ನತೈತಿ ಏನು ಅಂತ ಕೇಳಿದ್ರಲ್ರಿ. ಇಲ್ಲ ಅಂದ್ರಿ!"

ಅತ್ತೆ ಬ್ಯಾಟರಿ ಬೆಳಕನ್ನು ನೇರ ನನ್ನ ಮುಖಕ್ಕೆ ಹಿಡಿದು, ಶಾಲೆಯ ಮಗುವಿಗೆ ತಿಳಿಹೇಳುವ ಹಾಗೆ ಹೇಳಿದರು. "ಇದು ರಾತ್ರಿ ಎಲ್ಲೈತಿ? ಎದ್ದು, ಮುಖ ತೊಳದು, ಕೆಲಸಕ್ಕ ಬಂದೀವಿ. ಹಂಗಂತ ಬೆಳಗೂ ಆಗಿಲ್ಲ, ಬೆಳಕ ಹರದಿಲ್ಲ. ಇದು ಎರಡೂ ಅಲ್ಲ. ಈ ಹೊತ್ತಿನ್ಯಾಗ ತಿಂದಿದ್ದು ಯಾರ ಲೆಕ್ಕಕ್ಕೂ ಬರಂಗಿಲ್ಲ."

"ಹೌದ್ ಮತ್ತ" ಅಂದರು ದೊಡ್ಡಮ್ಮ. ಸಾಲುಗಳಾಚೆಯಿಂದಲೂ ಹೌದು ಹೌದು ಅನ್ನುವ ದನಿಗಳು ಬಂದವು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಗಿಡ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ನಾನು ಯಾಕೆ ನಗುತ್ತಿದ್ದೇನೆಂದು ತಿಳಿಯದೆ ಅವರೂ ನಕ್ಕರು. ಮರಿ ಇನ್ನೊಂದು ಸುತ್ತು ಹೊರಡಲು ಎದ್ದಿತು. ಹಿಡಿದು ಕೂರಿಸಿದೆ.

ಆವತ್ತೇ ಡಾಕ್ಟರಿಗೆ ಫೋನ್ ಮಾಡಿದೆ. ಅವರೂ ನಕ್ಕರು. ನಕ್ಕು ಮುಗಿಸಿ ಗಂಭೀರವಾಗಿ, "ಬಿಸ್ಕತ್ತು ಒಮ್ಮೆಗೇ ನಿಲ್ಲಿಸೋ ಮೊದ್ಲು ನನಗೆ ಹೇಳಿದ್ದು ಚಲೋ ಆತು. ಬಿಸ್ಕತ್ತಿನ ಮೇಲೆ ಬಿಸ್ಕತ್ತು ತಿಂದ ಶುಗರ್ ನೋಡಿ ನಾನು ಡೋಸ್ ಏರಿಸೀನಿ. ಈಗ ಅದನ್ನ ಇಳಿಸ್ಬೇಕು. ನಾಳೆ ಅಜ್ಜಿಯನ್ನ ಕರ್ಕೊಂಡು ಬರ್ರಿ" ಅಂದರು.

ಮರುದಿನ ಅತ್ತೆ ವಾದಕ್ಕೆ ಸಿದ್ಧರಾಗಿಯೇ ಬಂದರು. ರಾತ್ರಿಯೂ ಅಲ್ಲ ಬೆಳಗೂ ಅಲ್ಲ ಅನ್ನುವ ಮಾತನ್ನು ಡಾಕ್ಟರ್ ಮುಂದೆಯೂ ಇಟ್ಟರು. ಡಾಕ್ಟರ್ ಅದನ್ನು ತಳ್ಳಿಹಾಕಲಿಲ್ಲ.

"ಅಜ್ಜಿ, ನೀವು ಎದ್ದೀರಿ, ಖರೆ. ಆದ್ರೆ ನಿಮ್ಮ ಮೈ ಇನ್ನೂ ಎದ್ದಿರಲ್ಲ. ಕತ್ತಲು ಇರೋ ತನಕ ಮೆಲಟೋನಿನ್ ರಕ್ತದಲ್ಲಿ ಇರ್ತೈತೆ, ಬೆಳಕು ಕಣ್ಣಿಗೆ ಬಿದ್ದ ಮೇಲೆ ಅದು ಇಳಿಯೋದು. ಮರಿ ವಿಷಯಕ್ಕೆ ಬಂದ್ರೆ ದೊಡ್ಡ ತಪ್ಪು ಬಿಸ್ಕತ್ತಿನದೇ. ಕತ್ತಲಿನ ಪಾಲು ಎಷ್ಟು ಅಂತ ತೂಗಿ ಹೇಳೋ ತಕ್ಕಡಿ ನನ್ನ ಹತ್ರ ಇಲ್ಲ. ಖರೆ ಹೇಳ್ಬೇಕಂದ್ರೆ ಈ ಮೆಲಟೋನಿನ್ ಮಾತು ಮರಿಗಿಂತ ನಿಮಗೇ ಹೆಚ್ಚು ಹತ್ತುತ್ತೆ. ನಿಮ್ಮ ಮೈಯಲ್ಲಿ ಇನ್ನೂ ಇನ್ಸುಲಿನ್ ಹುಟ್ತಾ ಐತೆ. ಆದ್ರೆ ನಾನು ದನದ ಡಾಕ್ಟ್ರು, ನಿಮಗೆ ಔಷಧ ಹೇಳೋಕೆ ಬರಲ್ಲ. ನಿಮ್ಮ ಡಾಕ್ಟರ್ ಹತ್ರ ಕೇಳ್ರಿ."

"ಯಾಕ ಬರಂಗಿಲ್ಲ? ನಾನೂ ಸಸ್ತನಿನ ಅಲ್ಲೇನ್ರಿ?" ಅಂದರು ಅತ್ತೆ. "ಹೆತ್ತು ಹಾಲು ಕುಡಿಸಿದೋಳು ನಾನು. ನಮ್ಮ ಸೊಸಿನ್ನ ಕೇಳ್ರಿ ಬೇಕಾರ, ಸಾಲ್ಯಾಗ ಅದನ್ನ ಕಲಸತಾಳ."

ಡಾಕ್ಟರ್ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಹೊರಗೆ ಎಮ್ಮೆ ಹಿಡಿದು ನಿಂತಿದ್ದವರು ಏನಾಯಿತೆಂದು ಇಣುಕಿ ನೋಡಿದರು.

ಮರಿಗೆ ಕತ್ತಲಲ್ಲಿ ಏನೂ ಕೊಡಬಾರದು ಅನ್ನುವುದಕ್ಕೆ ತೋಟದ ಹೆಂಗಸರೆಲ್ಲ ಕೂಡಲೇ ಒಪ್ಪಿದರು. ಅವರಿಗೆಲ್ಲ ಅದರ ಮೇಲೆ ಅಷ್ಟು ಪ್ರೀತಿ. ಕಷ್ಟವಾಗಿದ್ದು ಮರಿಗೆ. ಮೊದಲ ದಿನ ಒಬ್ಬೊಬ್ಬರ ಮುಂದೆಯೂ ಕೂತು, ಬರಿಗೈ ಮೂಸಿ, ನಂಬಲಾಗದೆ ಮತ್ತೆ ಮೂಸಿತು. ಅದರ ಮುಖ ನೋಡಲಾರದೆ ದೊಡ್ಡಮ್ಮನೇ ಒಂದು ಉಪಾಯ ಹೇಳಿದರು. "ಅದರ ಮುಂದ ನಾವಷ್ಟ ಹೆಂಗ ತಿನ್ನೂದು? ನಾವೂ ಹೊತ್ತು ಹುಟ್ಟಿದ ಮ್ಯಾಲೆ ತಿನ್ನೋಣ. ಹೂವು ಬಸ್ಸಿಗೆ ಹಾಕಿ ಬಂದು, ಎಲ್ಲಾರೂ ಕೂಡಿ ಕೂಡೋಣ."

ಹಾಗೆ ಶುರುವಾಯಿತು ತೋಟದ ನಾಷ್ಟಾ. ಕತ್ತಲಲ್ಲಿ ತೂಕಡಿಸಬಾರದೆಂದು ಸಕ್ಕರೆಯಿಲ್ಲದ ಒಂದೊಂದು ಗುಟುಕು ಚಹಾ ಅಷ್ಟೇ. ಅದನ್ನು ಅತ್ತೆ ಮುಖ ಕಿವುಚಿಕೊಂಡು ಕುಡಿಯುತ್ತಿದ್ದರು. ಬೆಳಕು ಹರಿದು, ಹೂವಿನ ಚೀಲ ಬಸ್ಸು ಹತ್ತಿದ ಮೇಲೆ ಬೇವಿನ ಮರದ ಕೆಳಗೆ ಎಲ್ಲರ ಬುತ್ತಿಯೂ ಬಿಚ್ಚಿಕೊಳ್ಳುತ್ತಿತ್ತು. ಒಬ್ಬರ ಜೋಳದ ರೊಟ್ಟಿ, ಒಬ್ಬರ ಪುಂಡಿಪಲ್ಯ, ಇನ್ನೊಬ್ಬರ ಶೇಂಗಾ ಚಟ್ನಿ. ಮರಿಗೆ ಅದರದೇ ಬೋಗುಣಿಯಲ್ಲಿ ಡಾಕ್ಟರ್ ಹೇಳಿದಷ್ಟು ಊಟ. ಅದು ತಿಂದ ಮೇಲೆ, ತಂಪು ಡಬ್ಬಿಯಲ್ಲಿ ತಂದ ಶೀಸೆಯಿಂದ ಅತ್ತೆ ಸೂಜಿ ಹಾಕುತ್ತಿದ್ದರು. ನಾನು ಭಾನುವಾರ ತಪ್ಪದೆ ಹೋಗತೊಡಗಿದೆ. ನಮ್ಮ ಮನೆಯವರು ರೊಟ್ಟಿಯ ಆಸೆಗೆ ಬಂದು, ಸೂಜಿಯ ಹೊತ್ತಿಗೆ ಬೇವಿನ ಮರದ ಆಚೆ ಬದಿಗೆ ಹೋಗಿ ನಿಲ್ಲುತ್ತಿದ್ದರು.

ಡೋಸು ಇಳಿಸಿದ ಮೇಲೂ ಮರಿಯ ಬೆಳಗಿನ ಸಕ್ಕರೆ ನಿಧಾನಕ್ಕೆ ಅಂಕೆಗೆ ಬಂತು. ಬೆನ್ನಿನ ಎಲುಬು ಮುಚ್ಚಿಕೊಂಡವು. ಒಂದು ಕಣ್ಣಿಗೆ ಮಾತ್ರ ಪೊರೆ ಬಂದು ಮಂಜಾಯಿತು. ಸಕ್ಕರೆ ಕಾಯಿಲೆಯ ನಾಯಿಗಳಿಗೆ ಅದು ಬರುವುದುಂಟು ಅಂದರು ಡಾಕ್ಟರ್. ನಮಗೆ ಆ ದಿನ ಬೇಜಾರಾಯಿತು. ಮರಿಗೆ ಆದಂತೆ ಕಾಣಲಿಲ್ಲ. ಮಲ್ಲಿಗೆ ಸಾಲುಗಳ ನಡುವೆ ಅದರ ದಾರಿ ಅದಕ್ಕೆ ಮೂಗಿನಲ್ಲೇ ಗೊತ್ತು. ಮೆಲಟೋನಿನ್ ಗುಳಿಗೆಯ ಮಾತು ಮತ್ತೆ ಏಳಲಿಲ್ಲ. ಪಟಾಕಿ ಸಂಜೆಗಳಲ್ಲಿ ಅತ್ತೆ ಅದರ ಜೊತೆ ಒಳಕೋಣೆಯಲ್ಲಿ ರೇಡಿಯೋ ಜೋರು ಮಾಡಿ ಕೂರುತ್ತಿದ್ದರು. ಮೆರವಣಿಗೆ ಮುಗಿಯುವಷ್ಟರಲ್ಲಿ ಇಬ್ಬರೂ ಗೊರಕೆ ಹೊಡೆಯುತ್ತಿದ್ದರು.

ಶಾಲೆ ಶುರುವಾದ ಮೇಲೆ ಗ್ರಂಥಿಗಳ ಪಾಠ ಬಂತು. ಪುಸ್ತಕದಲ್ಲಿ ಪೀನಿಯಲ್ ಗ್ರಂಥಿಗೆ ಇದ್ದದ್ದು ಒಂದೇ ಸಾಲು. ನಾನು ಅದರ ಮೇಲೆ ಇಡೀ ಪೀರಿಯಡ್ ಮಾತಾಡಿದೆ. ಕೊನೆಯ ಬೆಂಚಿನ ಹುಡುಗಿ ಎದ್ದು ಕೇಳಿದಳು. "ಟೀಚರ್, ಇಲಿ ರಾತ್ರಿನ ತಿನ್ನತೈತಿ. ಅದಕ್ಕೂ ಕತ್ತಲ್ಯಾಗ ಮೆಲಟೋನಿನ್ ಬರತೈತೇನ್ರಿ? ಬಂದ್ರ ಅದಕ್ಕ ಸಕ್ಕರಿ ಕಾಯಿಲೆ ಯಾಕ ಆಗಂಗಿಲ್ಲ?"

ಪ್ರಶ್ನೆಯನ್ನು ಬರೆದುಕೊಂಡೆ. ನಾಳೆ ಹೇಳುತ್ತೇನೆ ಅಂದೆ. ಸಂಜೆ ಡಾಕ್ಟರನ್ನು ಕೇಳಿದರೆ ಅವರಿಗೆ ಖುಷಿಯೋ ಖುಷಿ. "ಭಾರಿ ಪ್ರಶ್ನೆ ಕೇಳ್ಯಾಳೆ! ಇಲಿಗೂ ಕತ್ತಲಲ್ಲೇ ಬರ್ತೈತೆ. ಆದ್ರೆ ಅದರ ಮೈ ಬೇರೆ ರೀತಿ ಹೊಂದಿಕೊಂಡೈತೆ. ಅದಕ್ಕೇ ಇಲಿ ಮೇಲೆ ನೋಡಿದ್ದನ್ನೆಲ್ಲಾ ಮನುಷ್ಯರಿಗೆ, ನಾಯಿಗೆ ಹಂಗೇ ಹಚ್ಚೋಕೆ ಬರಲ್ಲ. ವಿಜ್ಞಾನಿಗಳೂ ಇನ್ನೂ ವಾದ ಮಾಡ್ತಾನೇ ಅದಾರೆ. ಆ ಹುಡುಗಿಗೆ ಹೇಳ್ರಿ, ಇನ್ನೂ ಯಾರೂ ಪೂರ್ತಿ ಬಿಡಿಸದ ಲೆಕ್ಕ ಇದು ಅಂತ." ಮರುದಿನ ಹಾಗೇ ಹೇಳಿದೆ. ಯಾರೂ ಪೂರ್ತಿ ಬಿಡಿಸದ ಲೆಕ್ಕವನ್ನು ತಾನು ಕೇಳಿದ್ದೆನೆಂದು ಆ ಹುಡುಗಿ ಇಡೀ ದಿನ ತಲೆ ಎತ್ತಿಕೊಂಡು ಓಡಾಡಿದಳು.

ಅತ್ತೆ ತಮ್ಮ ಡಾಕ್ಟರನ್ನು ಕಂಡು, ಕತ್ತಲಲ್ಲಿ ತಿನ್ನುವುದನ್ನು ಬಿಟ್ಟಿದ್ದೇನೆಂದು ಹೇಳಿದಾಗ ಅವರೂ ಬೆನ್ನು ತಟ್ಟಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ರಕ್ತಪರೀಕ್ಷೆ ಮಾಡಿಸಿದರು. ರಿಪೋರ್ಟ್ ಹಿಂದಿನ ಸಲಕ್ಕಿಂತ ಬಹಳ ಚೆನ್ನಾಗಿ ಬಂತು. ಲ್ಯಾಬಿನಿಂದ ಹೊರಗೆ ಬಂದವರೇ ಆಟೋ ಹತ್ತಿ, "ಪಶು ಆಸ್ಪತ್ರಿಗೆ ನಡಿಯಪ" ಅಂದರಂತೆ. ಸಂಜೆ ಡಾಕ್ಟರೇ ಫೋನ್ ಮಾಡಿ ನನಗೆ ಹೇಳಿದರು. "ನಿಮ್ಮ ಅತ್ತೆ ಬಂದಿದ್ರು ಕಣ್ರಿ. ಕುರಿಗಳ ಸಾಲಲ್ಲಿ ಕಾದು ನಿಂತು, ಅವರ ಪಾಳಿ ಬಂದಾಗ ರಿಪೋರ್ಟ್ ಕೊಟ್ರು. ನಾನು ಏನ್ ಮಾಡ್ಲಿ? ಓದಿ, ಶಭಾಷ್ ಅಂತ ಹೇಳಿ ಕಳಿಸ್ದೆ."

ಈ ವರ್ಷದ ಸೀಜನ್ನಿನಲ್ಲಿ ಡಾಕ್ಟರನ್ನೂ ಒಂದು ಭಾನುವಾರ ತೋಟಕ್ಕೆ ಕರೆದೆವು. ಸೂರ್ಯ ಆಗ ತಾನೇ ಮೇಲೆ ಬಂದಿದ್ದ. ಅವರು ಮೊದಲ ತುತ್ತಿಗೇ ಶೇಂಗಾ ಚಟ್ನಿಯ ಖಾರಕ್ಕೆ ಕಣ್ಣೀರು ಹಾಕಿದರು, ಆದರೂ ಎರಡು ಸಲ ಹಾಕಿಸಿಕೊಂಡರು. ಆವತ್ತು ಹೊಸದಾಗಿ ಹೂ ಬಿಡಿಸಲು ಬಂದ ಒಬ್ಬ ಹೆಂಗಸು ಇದೇನು, ಕತ್ತಲಲ್ಲಿ ಯಾಕೆ ಯಾರೂ ಒಂದು ಬಿಸ್ಕತ್ತೂ ತಿನ್ನಲಿಲ್ಲ, ಏನಾದರೂ ವ್ರತವೇ ಅಂತ ಕೇಳಿದರು.

ಡಾಕ್ಟರ್ ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು. "ವ್ರತ ಅಲ್ಲವಾ. ಕತ್ತಲಾದ್ರ ತಲಿಯೊಳಗ ಮೆಲ್ಟೋನಿ ಅಂತ ಒಂದು ಬರತೈತಿ. ಅದು ಬಂದು, 'ನಡೀರಿ, ಅಂಗಡಿ ಮುಚ್ಚರಿ' ಅಂತ ಹೊಟ್ಟಿಗೆ ಹೇಳತೈತಿ. ಅಂಗಡಿ ಮುಚ್ಚಿದ ಮ್ಯಾಲೆ ಸಾಮಾನು ಇಳಸಾಕ ಹೋದ್ರ ಒಳಗ ಇಟ್ಟುಕೊಳ್ಳೋರು ಯಾರು? ಬೀದ್ಯಾಗ ಬೀಳತೈತಿ. ಅದಕ ಬಾಗಲಾ ತಗಿಯೋತನಕ ಕಾಯಬೇಕು. ಏನ್ರಿ ಡಾಕ್ಟ್ರ, ಹೌದಲ್ಲೋ?"

ಡಾಕ್ಟರ್ ನೀರು ಕುಡಿಯುತ್ತಾ, ಮಾತಾಡಲಾಗದೆ, ಹೌದೆಂದು ತಲೆಯಾಡಿಸಿದರು. ಹೊಸ ಹೆಂಗಸು ರೊಟ್ಟಿ ಮುರಿದು ಅತ್ತೆಯ ತಟ್ಟೆಗೂ ಅರ್ಧ ಹಾಕಿದರು. ಬಿಸಿಲು ಬೇವಿನ ಎಲೆಗಳನ್ನು ದಾಟಿ ನಮ್ಮ ಬೆನ್ನಿಗೆ ಬಂತು. ಮರಿ ತನ್ನ ಪಾಲಿನದು ಮುಗಿಸಿ, ಡಾಕ್ಟರ್ ಸೀರೆಯ ನೆರಿಗೆಯ ಮೇಲೆ ಮುಖವಿಟ್ಟು ಮಲಗಿಬಿಟ್ಟಿತು.